ಹುಳ ತಿಂದ ಧಾಬಳಿ

ದಾದರಿನ ಉಣ್ಣೆ ಅಂಗಡಿಗೆ ನಾನು ಮೊದಲ ಸಲ ಹೋದಾಗ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಅದರ ಬಾಯಿ ಹಿಡಿದೇ ಕೂತಿದ್ದೆ. ಅಂಗಡಿಯವಳು ಚಹಾ ತರಿಸಿದಳು. ನಾನು ಮುಟ್ಟಲಿಲ್ಲ. ಕೇಳದೆ ಚಹಾ ಕೊಡುವವರು ಆಮೇಲೆ ಬೇಡದ್ದೇನನ್ನೋ ಗಂಟು ಹಾಕುತ್ತಾರೆ ಎಂಬುದು ನನ್ನ ತಿಳುವಳಿಕೆ. ಚಹಾದ ಮೇಲೆ ಕೆನೆ ಕಟ್ಟಿತು. ಅವಳು ಕೆನೆಯನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಅನ್ನಲಿಲ್ಲ. ಏನೂ ಅನ್ನದೇ ಇದ್ದದ್ದಕ್ಕೂ ನನಗೆ ಸಂಶಯ ಬಂತು.

ಈಗ ರಜೆಗೆ ದೊಡ್ಡವಳೂ ಮನೆಗೆ ಬಂದಿದ್ದರೆ, ಗುರುವಾರ ಬಂತೆಂದರೆ ನೀವಿಬ್ಬರೂ "ಅಜ್ಜಿ ಚಲೀ ದಾದರ್" ಎಂದು ಹಾಡಿ ನನ್ನ ಚಪ್ಪಲಿಯನ್ನು ಬಾಗಿಲಿಗೆ ತಂದಿಡುತ್ತೀರಿ. ಆ ಅಂಗಡಿಯಲ್ಲಿ ನಿನಗೆ ಅಷ್ಟೇನು ಸುಖ ಎಂದು ನಿಮ್ಮಲ್ಲಿ ದೊಡ್ಡವಳು ಹೋದ ತಿಂಗಳು ಕೇಳಿದಳು. ನಾನು ನಕ್ಕು ಸುಮ್ಮನಾದೆ. ಬಾಯಿಂದ ಹೇಳಲು ನನಗೆ ಬರುವುದಿಲ್ಲ. ಮನೆಯವರ ಮುಂದೆಯೂ ನನ್ನ ದನಿ ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಓದುವುದು ಕಷ್ಟವಾದರೆ ನಿಮ್ಮಪ್ಪನಿಂದ ಓದಿಸಿಕೊಳ್ಳಿ. ಅವನಿಗೂ ಗೊತ್ತಿಲ್ಲದ್ದು ಇದರಲ್ಲಿದೆ.

ಇದೆಲ್ಲ ಶುರುವಾದದ್ದು ನಿಮ್ಮ ಮುತ್ತಜ್ಜಿಯಿಂದ, ಎಂದರೆ ನನ್ನ ಅತ್ತೆಯಿಂದ. ಅವರು ಮಡಿಯ ಹೆಂಗಸು. ಮಡಿ ಎಂದರೆ ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದ ಒಗೆದ ಬಟ್ಟೆ ಉಟ್ಟು, ಪೂಜೆಯಾಗಿ ಊಟ ಮುಗಿಯುವವರೆಗೆ ಯಾರನ್ನೂ ಸೋಕದೆ ಇರುವುದು. ಮಡಿ ಇಲ್ಲದೆ ಅವರು ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ. ಒಮ್ಮೆ ವಿಜಾಪುರದ ಕಡೆಯಿಂದ ಬರುವಾಗ ರೈಲು ನಡುದಾರಿಯಲ್ಲಿ ನಿಂತು ಒಂದು ದಿನ ತಡವಾಯಿತು. ಅವರು ಬಾಳೆಹಣ್ಣನ್ನೂ ತಿನ್ನದೆ ದಾದರಿನಲ್ಲಿ ಇಳಿದರು. ನಿಮ್ಮ ಅಜ್ಜ ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಟ್ಯಾಕ್ಸಿಯಲ್ಲಿ ಕೂಡಿಸಿದರು.

ಇದು ಸರಿಯೋ ತಪ್ಪೋ ಎಂದು ನಾನು ನಿಮಗೆ ಹೇಳುವುದಿಲ್ಲ. ನಾನು ಅಷ್ಟು ಮಡಿ ಮಾಡಿದವಳಲ್ಲ, ನಿಮ್ಮಮ್ಮನಿಗೆ ಮಾಡು ಎಂದವಳೂ ಅಲ್ಲ. ಆದರೆ ಗಂಡ ಹೋದ ಮೇಲೆ, ಮಗ, ಎಂದರೆ ನಿಮ್ಮ ಅಜ್ಜ, ಹೋದ ಮೇಲೆ, ತೊಂಬತ್ತರ ಹತ್ತಿರ ಬಂದಿದ್ದ ಆ ಮುದುಕಿ ತನ್ನದು ಎಂದು ಹಿಡಿದುಕೊಂಡಿದ್ದು ಅದೊಂದನ್ನೇ.

ಈಗ ನಮ್ಮ ಪಾರ್ಲೆಯ ಬಿಲ್ಡಿಂಗಿನ ಮಳೆಗಾಲವನ್ನು ನೆನಪಿಸಿಕೊಳ್ಳಿ. ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಹಸಿ ಸೀರೆ ಉಟ್ಟು ಉಟ್ಟು ಅತ್ತೆಗೆ ಎದೆಯಲ್ಲಿ ಕಫ ಕೂತಿತು. ಇನ್ನು ಒದ್ದೆ ಬಟ್ಟೆ ಮೈಗೆ ತಾಗಿಸಬೇಡಿ ಎಂದು ಡಾಕ್ಟರು ಹೇಳಿದರು. ಇದಕ್ಕೆ ನಮ್ಮ ಹಳಬರಲ್ಲಿ ಒಂದು ದಾರಿ ಇತ್ತು. ಹತ್ತಿ ಬಟ್ಟೆಯನ್ನು ದಿನಾ ಒಗೆಯಬೇಕು. ಆದರೆ ಉಣ್ಣೆಗೂ ರೇಷ್ಮೆಗೂ ಮೈಲಿಗೆ ತಾಗುವುದಿಲ್ಲ ಎಂದು ಅವರ ನಂಬಿಕೆ. ಕುರಿಯ ಉಣ್ಣೆಯ ಹೊದಿಕೆಯನ್ನು ಸುತ್ತಿಕೊಂಡರೆ, ಒಗೆಯದೆಯೂ ಅದು ಮಡಿಯೇ. ಅದಕ್ಕೆ ಧಾಬಳಿ ಎನ್ನುತ್ತಾರೆ. ಅತ್ತೆಗೆ ಅವರ ಅತ್ತೆ ಕೊಟ್ಟ ಧಾಬಳಿ ಇತ್ತು, ಅದು ಹಿಡಿದಲ್ಲಿ ಪುಡಿಯಾಗುತ್ತಿತ್ತು. ಹೊಸದನ್ನು ನಾನು ಹೆಣೆದು ಕೊಡುತ್ತೇನೆ ಎಂದೆ.

ಹೆಣೆದದ್ದು ಮಡಿಗೆ ನಡೆಯುತ್ತದೆಯೇ ಎಂದು ಅವರು ಊರಿನ ಆಚಾರ್ಯರಿಗೆ ಫೋನು ಮಾಡಿಸಿ ಕೇಳಿದರು. ನೇಯ್ದರೇನು, ಹೆಣೆದರೇನು, ನೂಲು ಮಾತ್ರ ಕುರಿಯದ್ದೇ ಆಗಿರಬೇಕು ಎಂದು ಅವರು ಹೇಳಿದರಂತೆ. ಅತ್ತೆ ಫೋನು ಇಟ್ಟು ನನ್ನ ಕಡೆ ತಿರುಗಿದರು.

"ಕೇಳಿದೇನವಾ? ಕುರೀದ. ನಾ ಅಂಗಡಿಗೆ ಹೋಗಿ ನೋಡ್ಲಿಕ್ಕೆ ಆಗೂದಿಲ್ಲ. ನಿನ್ನ ಮ್ಯಾಲೆ ಬಿಟ್ಟೇನಿ."

ಆಗ ನಮ್ಮ ಸ್ಟೇಷನ್ನಿನ ಹತ್ತಿರ ಒಂದು ಉಣ್ಣೆ ಅಂಗಡಿ ಇತ್ತು. ಮುದುಕರೊಬ್ಬರು ನಡೆಸುತ್ತಿದ್ದರು. ನಮ್ಮ ಜಿಲ್ಲೆಯವರೇ. ನಾನು ಹೋಗಿ, ಕುರಿಯದ್ದೇ ಅಲ್ಲವೇ ಎಂದು ಕೇಳಿದೆ.

"ಅಕ್ಕಾರ, ನಿಮ್ಮ ಮುಂದ ಸುಳ್ಳ ಹೇಳಿ ನಾ ಎಲ್ಲಿಗೆ ಹೋಗ್ಲಿ? ಖರೇ ಕುರಿ ಉಣ್ಣಿ ಐತ್ರಿ," ಎಂದರು.

ತೆಗೆದುಕೊಂಡು ಬಂದೆ. ನಾನು ಎಂಥವಳು ಎಂದು ನಿಮಗೆ ಗೊತ್ತು. ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುತ್ತೇನೆ, ಹಾಲಿನವನ ಎದುರೇ ಹಾಲಿಗೆ ಬೆರಳು ಅದ್ದುತ್ತೇನೆ. ಊರ ಶಾಲೆಯಲ್ಲಿ ನಮಗೆ ತಕಲಿಯ ತಾಸು ಇರುತ್ತಿತ್ತು. ಎಲ್ಲ ಹುಡುಗಿಯರೂ ನೆಲದ ಮೇಲೆ ಕೂತು, ಪುಟ್ಟ ಕದಿರು ತಿರುಗಿಸಿ ಹತ್ತಿ ನೂಲುತ್ತಿದ್ದೆವು. ಮಾಸ್ತರರು ಒಬ್ಬೊಬ್ಬರ ನೂಲನ್ನೂ ಕಿವಿಯ ಹತ್ತಿರ ಹಿಡಿದು ಎಳೆಯುತ್ತಿದ್ದರು. ಕಡಿದರೆ ಮತ್ತೆ ನೂಲಬೇಕು. ಎಳೆದು ನೋಡದೆ ಯಾರ ನೂಲನ್ನೂ ಒಪ್ಪಿಕೊಳ್ಳಬೇಡ ಎಂದು ಅವರೇ ಕಲಿಸಿದ್ದು. ಏಳನೇ ಇಯತ್ತೆಯವರೆಗೆ ಕಲಿತದ್ದರಲ್ಲಿ ನನಗೆ ಗಟ್ಟಿಯಾಗಿ ಉಳಿದದ್ದು ಅದೊಂದೇ. ಅಂಥವಳು ಆ ದಿನ ಎಳೆದೂ ನೋಡಲಿಲ್ಲ, ಮೂಸಿಯೂ ನೋಡಲಿಲ್ಲ. "ಅಕ್ಕಾರ" ಎಂದನಲ್ಲ ಆ ಮುದುಕ, ಅಷ್ಟು ಸಾಕಾಯಿತು. ಈ ಮುಂಬೈಯಲ್ಲಿ ನಮ್ಮ ಕಡೆಯ ಮಾತು ಎರಡು ಕಿವಿಗೆ ಬಿದ್ದರೆ ನಾವು ಮನೆಯ ಕೀಲಿಕೈಯನ್ನೇ ಕೊಟ್ಟುಬಿಡುತ್ತೇವೆ.

ಆ ಬೇಸಿಗೆಯೆಲ್ಲ ಹೆಣೆದೆ. ಹೊತ್ತು ಎಲ್ಲಿಂದ ತರುತ್ತಿದ್ದೆ ಎಂದು ನಿಮ್ಮಮ್ಮ ಈಗಲೂ ಕೇಳುತ್ತಾಳೆ. ತರಬೇಕಿಲ್ಲ, ಅಲ್ಲಲ್ಲೇ ಬಿದ್ದಿರುತ್ತದೆ. ಕುಕ್ಕರ್ ಮೊದಲ ಸೀಟಿ ಹೊಡೆದು ಮೂರನೆಯದು ಹೊಡೆಯುವುದರೊಳಗೆ ಒಂದು ಸಾಲು. ನಲ್ಲಿಯಲ್ಲಿ ನೀರು ಬಂದು ಡ್ರಮ್ಮು ತುಂಬುವುದರೊಳಗೆ ಎರಡು ಸಾಲು. ದೊಡ್ಡವಳೇ, ಆಗ ನೀನು ತೊಟ್ಟಿಲಲ್ಲಿದ್ದೆ. ಕಾಲಿನಿಂದ ತೊಟ್ಟಿಲ ಹಗ್ಗ ಎಳೆಯುತ್ತಾ ಕೈಯಿಂದ ಹೆಣೆದದ್ದೇ ಅರ್ಧ ಧಾಬಳಿ. ಬಿಳಿಯದು, ಅಂಚಿನಲ್ಲಿ ಸಣ್ಣ ಜೋಳದ ಕಾಳಿನಂಥ ಗಂಟುಗಳ ಸಾಲು. ಅತ್ತೆ ಸುತ್ತಿಕೊಂಡು ಕೆನ್ನೆಗೆ ಒತ್ತಿಕೊಂಡರು.

"ಬೆಣ್ಣಿ ಹಂಗ ಅದ ನೋಡು. ನಮ್ಮ ಅತ್ತಿಯವರದು ಮೈಯೆಲ್ಲಾ ಚುಚ್ಚತಿತ್ತು."

ಅದನ್ನು ಕೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಗಳಿಕೆ ಕೇಳಿ ಕಿವಿ ಬೆಚ್ಚಗಾಗಿತ್ತು, ಹೊಳೆಯಲಿಲ್ಲ.

ಎಂಟು ವರ್ಷ ಅವರು ಅದರಲ್ಲೇ ಪೂಜೆ ಮಾಡಿದರು, ಅದರಲ್ಲೇ ಉಂಡರು. ಬಂದವರಿಗೆಲ್ಲ ತೋರಿಸುತ್ತಿದ್ದರು. "ಎಂಟ ವರ್ಷ ಆತು, ಒಂದ ತೂತ ಬಿದ್ದಿಲ್ಲ." ಆದರೆ ಜೋತು ಬಿದ್ದು ಅದು ಉದ್ದವಾಗುತ್ತಾ ಹೋಯಿತು. ಕಾಲಿಗೆ ತೊಡರುತ್ತದೆ, ಬಿದ್ದಾರು ಎಂದು ನನಗೆ ಭಯ. ಹೊಸದು ಹೆಣೆಯೋಣ ಎಂದರೆ ಪಾರ್ಲೆಯ ಮುದುಕರು ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗಿದ್ದರು. ಆ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಿದ್ದರು. ದಾದರಿನಲ್ಲಿ ಒಂದು ಅಂಗಡಿ ಇದೆ ಎಂದು ಕೆಳಗಿನ ಮಹಡಿಯವರು ಹೇಳಿದರು. ಹಾಗೆ ನಾನು ಕೈಚೀಲ ಹಿಡಿದು ಅಲ್ಲಿ ಹೋಗಿ ಕೂತದ್ದು.

ಅಂಗಡಿಯವಳಿಗೆ ನಲವತ್ತೈದು ಇರಬಹುದು. ಮರಾಠಿಯವಳು. ನನ್ನನ್ನು ಕಾಕೂ ಎನ್ನುತ್ತಾಳೆ, ಎಂದರೆ ಚಿಕ್ಕಮ್ಮ. ಅವಳ ಮಾತನ್ನು ನಿಮಗಾಗಿ ಕನ್ನಡದಲ್ಲೇ ಬರೆಯುತ್ತೇನೆ. ಬಿಳಿ ಉಣ್ಣೆ, ಕುರಿಯದ್ದು ಎಂದು ಕೇಳಿದಾಗ ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

"ಕುರಿಯದ್ದೇ ಬೇಕೇ ಕಾಕೂ? ಇದನ್ನು ಕೇಳುವವರೇ ಇಲ್ಲ. ತರಿಸಬೇಕು. ಚುಚ್ಚುತ್ತದೆ. ಹುಳ ಬೀಳುತ್ತದೆ, ಡಾಂಬರ್ ಗುಳಿಗೆ ಹಾಕಿ ಇಡಬೇಕು."

ಡಾಂಬರ್ ಗುಳಿಗೆಯ, ಎಂದರೆ ನುಸಿಗುಳಿಗೆಯ, ಡಬ್ಬಿ ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಓಹೋ, ಇದನ್ನು ಮಾರಲಿಕ್ಕೆ ಹುಳದ ಕಥೆ ಎಂದುಕೊಂಡೆ. ಬೇಡ ಎಂದೆ.

ಉಣ್ಣೆ ಬಂದ ಮೇಲೆ ಮತ್ತೊಂದು. "ಹನ್ನೆರಡೂ ಉಂಡೆ ಒಮ್ಮೆಲೇ ತೆಗೆದುಕೊಳ್ಳಿ. ಒಂದೇ ಲಾಟಿನವು. ಆಮೇಲೆ ಬಂದದ್ದು ಇದೇ ಬಿಳಿ ಇರುವುದಿಲ್ಲ."

ಬಿಳಿಯಲ್ಲಿ ಎಂಥ ಬೇರೆ ಬಿಳಿ? ಹತ್ತು ಸಾಕು ಎಂದೆ. ಅವಳು ಉಳಿದ ಎರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಟಿಯ ಮೇಲೆ ಮರಾಠಿಯಲ್ಲಿ "ಪಾರ್ಲೆಯ ಕಾಕೂ" ಎಂದು ಬರೆದು ಮೇಲಿನ ಹಲಗೆಗೆ ಎಸೆದಳು. ನಾನು ಮೆಟ್ಟಿಲಿಳಿಯುವುದರೊಳಗೆ ಅದನ್ನು ಬೇರೆಯವರಿಗೆ ಮಾರುತ್ತಾಳೆ ಎಂದುಕೊಂಡೆ. ಮುಂದಿನ ಗುರುವಾರ ಅದನ್ನು ನೋಡಲಿಕ್ಕೆಂದೇ ಹೋದೆ. ಚೀಲ ಅಲ್ಲೇ ಇತ್ತು. ಅದರ ಮುಂದಿನ ಗುರುವಾರವೂ ಹೋದೆ.

ನಿಜ ಹೇಳಬೇಕೆಂದರೆ ಚೀಲ ಒಂದು ನೆಪ. ಹನ್ನೊಂದು ಗಂಟೆಯ ಸ್ಲೋ ಲೋಕಲಿನಲ್ಲಿ ಹೆಂಗಸರ ಡಬ್ಬಿ ಖಾಲಿ ಇರುತ್ತದೆ. ಕಿಟಕಿಯ ಪಕ್ಕ ಕೂತು ಹೆಣೆಯುತ್ತಾ ಹೋದರೆ ಬಾಂದ್ರಾ ದಾಟುವುದರೊಳಗೆ ಕೈಗೆ ಓಟ ಸಿಕ್ಕಿರುತ್ತದೆ. ಅಂಗಡಿಯೊಳಗೆ ನೆಲದಿಂದ ಮಾಳಿಗೆಯವರೆಗೆ ಉಂಡೆಗಳು. ಅರಿಶಿನದ ಬಣ್ಣದಲ್ಲೇ ಎಂಟು ಥರ. ಮಾವಿನಕಾಯಿಯ ಹಸಿರು, ಸುಟ್ಟ ಬದನೆಕಾಯಿಯ ಸಿಪ್ಪೆಯ ಬಣ್ಣ, ನಮ್ಮೂರ ಎರೆಮಣ್ಣಿನ ಕಪ್ಪು. ಮುಟ್ಟಬೇಡಿ ಎಂದು ಯಾರೂ ಅನ್ನುವುದಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ನಾಲ್ಕೈದು ಹೆಂಗಸರು ಕೂತು ಹೆಣೆಯುತ್ತಾರೆ, ಒಬ್ಬರು ತಪ್ಪಿಸಿದ್ದನ್ನು ಇನ್ನೊಬ್ಬರು ಬಿಚ್ಚುತ್ತಾರೆ. ಅಲ್ಲಿ ಮಾತಾಡಲೇಬೇಕು ಎಂದಿಲ್ಲ. ಕೈ ಆಡುತ್ತಿದ್ದರೆ ಸಾಕು, ನೀವು ಇದ್ದೀರಿ ಎಂದು ಲೆಕ್ಕ. ನನ್ನಂಥವಳಿಗೆ ಅಂಥ ಜಾಗ ಈ ಊರಿನಲ್ಲಿ ಮತ್ತೊಂದು ಸಿಕ್ಕಿರಲಿಲ್ಲ.

ಆದರೂ ನಾನು ಪ್ರತಿ ಉಂಡೆಯ ಚೀಟಿಯನ್ನು ತಿರುಗಿಸಿ ನೋಡುತ್ತಿದ್ದೆ, ನೂಲನ್ನು ಎಳೆದು ನೋಡುತ್ತಿದ್ದೆ. ನನ್ನನ್ನು ಕಂಡರೆ ಬೆಂಚಿನವರು, "ಬಂದರು ನೋಡ್ರೇ, ನಮ್ಮ ಅಂಗಡಿಯ ಪೊಲೀಸ್," ಎನ್ನುತ್ತಿದ್ದರು. ಅಂಗಡಿಯವಳೂ ನಗುತ್ತಿದ್ದಳು. ಆ ನಗು ನನಗೆ ಸರಿ ಬರಲಿಲ್ಲ. ಕಳ್ಳರಿಗೆ ಅಷ್ಟು ಧೈರ್ಯವಾಗಿ ನಗಲು ಬರುತ್ತದೆ ಎಂದುಕೊಂಡೆ.

ಹೊಸ ಧಾಬಳಿ ಮಳೆಗೆ ಮುಂಚೆ ಮುಗಿಯಿತು. ಅತ್ತೆ ಸುತ್ತಿಕೊಂಡರು, ತಕ್ಷಣ ಕುತ್ತಿಗೆ ಕೆರೆದುಕೊಂಡರು.

"ಅಯ್ಯ, ಇದು ಚುಚ್ಚತದಲ್ಲ! ಹಳೇದು ಹೆಂಗಿತ್ತು, ಇದು ಹೆಂಗದ! ಆ ದಾದರದಾಕಿ ನಿನಗ ಟೋಪಿ ಹಾಕ್ಯಾಳ ನೋಡು."

"ನಂಗೂ ಹಂಗ ಅನಸ್ತದ ಅತ್ಯಾ," ಎಂದೆ.

ಇಬ್ಬರೂ ಕೂತು ದಾದರದವಳನ್ನು ಚೆನ್ನಾಗಿ ಬೈದೆವು. ಆ ಮಧ್ಯಾಹ್ನ ನಾವು ಅತ್ತೆ ಸೊಸೆ ಎಷ್ಟು ಒಂದಾಗಿದ್ದೆವೆಂದರೆ, ಅಷ್ಟು ಅದಕ್ಕೆ ಮೊದಲು ಇದ್ದ ನೆನಪಿಲ್ಲ. ಹೊಸದು ಟ್ರಂಕು ಸೇರಿತು. ಮಳೆಗಾಲವೆಲ್ಲ ಅವರು ಹಳೆಯದನ್ನೇ ಎತ್ತಿ ಕಟ್ಟಿಕೊಂಡು ಓಡಾಡಿದರು.

ಮಳೆ ನಿಂತ ಮೇಲೆ ಟ್ರಂಕು ತೆಗೆದರೆ, ಹೊಸ ಧಾಬಳಿಯ ತುಂಬ ತೂತು. ಬೆಳಕಿಗೆ ಹಿಡಿದಾಗ ಜರಡಿಯಂತೆ ಕಂಡಿತು. ಹಳೆಯದಕ್ಕೆ ಎಂಟು ವರ್ಷದಲ್ಲಿ ಆಗದ್ದು ಇದಕ್ಕೆ ನಾಲ್ಕು ತಿಂಗಳಲ್ಲಿ ಆಗಿತ್ತು. ನನಗೆ ಸಿಟ್ಟು ಬಂತು. ಜೊತೆಗೆ ಒಂಥರಾ ಸಮಾಧಾನವೂ ಆಯಿತು ಎಂದು ಒಪ್ಪಿಕೊಳ್ಳಬೇಕು. ನನ್ನ ಸಂಶಯ ಸರಿಯಾಗಿತ್ತಲ್ಲ!

ಗುರುವಾರದವರೆಗೂ ಕಾಯಲಿಲ್ಲ. ಮರುದಿನವೇ ಹೋದೆ. ಏನು ಹೇಳಬೇಕೆಂದು ಲೋಕಲಿನಲ್ಲಿ ಮರಾಠಿಯಲ್ಲಿ ಹತ್ತು ಸಲ ಹೇಳಿಕೊಂಡಿದ್ದೆ. ಅಂಗಡಿ ಹೊಕ್ಕ ಮೇಲೆ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಧಾಬಳಿಯನ್ನು ಕೌಂಟರಿನ ಮೇಲೆ ಹರವಿ, "ನೀನು ಕೆಟ್ಟ ಉಣ್ಣೆ ಕೊಟ್ಟೆ," ಎಂದೆ. ಬೆಂಚಿನವರ ಕೈ ನಿಂತಿತು.

ಅವಳು ಒಂದು ತೂತಿನಲ್ಲಿ ಬೆರಳು ಹಾಕಿ ನೋಡಿದಳು. "ಡಾಂಬರ್ ಗುಳಿಗೆ ಹಾಕಿದ್ದಿರಾ?"

"ಇಲ್ಲ."

"ನಾನು ಹೇಳಿದ್ದೆನೋ ಇಲ್ಲವೋ?"

ನಾನು ಅವಳ ಬೆನ್ನ ಹಿಂದಿನ ಡಬ್ಬಿಯನ್ನು ನೋಡಿದೆ.

"ಕಾಕೂ, ಹುಳ ಪ್ಲಾಸ್ಟಿಕ್ ತಿನ್ನುವುದಿಲ್ಲ. ಉಣ್ಣೆ ತಿನ್ನುತ್ತದೆ, ರೇಷ್ಮೆ ತಿನ್ನುತ್ತದೆ. ತಿಂದಿದೆ ಎಂದರೆ ಮಾಲು ಖರೇ. ವರ್ಷವಿಡೀ ನನ್ನ ನೂಲನ್ನು ಎಳೆದು ಎಳೆದು ನೋಡಿದಿರಿ, ನಿಮಗೆ ತಿಳಿಯದ್ದು ಹುಳಕ್ಕೆ ತಿಳಿಯಿತಲ್ಲ!"

ಬೆಂಚಿನವರು ನಕ್ಕರು. ಅವಳು ನಗಲಿಲ್ಲ. ಧಾಬಳಿಯ ಒಂದು ಹರಿದ ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದಳು. ಎಳೆ ಚುರ್ ಎಂದು ಸುರುಟಿಕೊಂಡಿತು. ಕೂದಲು ಸುಟ್ಟ ವಾಸನೆ. ಬೆರಳಲ್ಲಿ ಹಿಚುಕಿದರೆ ಬೂದಿ ಪುಡಿಯಾಯಿತು. ಆಮೇಲೆ ಕಪಾಟಿನಿಂದ ಮೆತ್ತನೆಯ ಬಿಳಿ ಉಂಡೆಯೊಂದನ್ನು ತೆಗೆದು ಅದರ ಎಳೆಯನ್ನೂ ಸುಟ್ಟಳು. ಅದು ಕರಗಿ, ತುದಿಯಲ್ಲಿ ಸಾಸಿವೆಯಂಥ ಕಪ್ಪು ಮಣಿ ಕಟ್ಟಿತು. ಕಲ್ಲಿನ ಹಾಗೆ ಗಟ್ಟಿ.

"ಇದು ಅಕ್ರಿಲಿಕ್, ಪ್ಲಾಸ್ಟಿಕ್ ನೂಲು. ಎಲ್ಲರೂ ಒಯ್ಯುವುದು ಇದನ್ನೇ. ಬೆಣ್ಣೆಯಂತಿರುತ್ತದೆ, ಹುಳ ಹತ್ತಿರಕ್ಕೂ ಬರುವುದಿಲ್ಲ. ಬಳಸಿ ಬಳಸಿ ಜೋತು ಬೀಳುತ್ತದೆ, ಅಷ್ಟೇ."

ಬೆಣ್ಣೆ. ಹುಳ ಬರುವುದಿಲ್ಲ. ಜೋತು ಬೀಳುತ್ತದೆ. ನಾನು ಧಾಬಳಿ ಮಡಚಿಕೊಂಡು ಹೊರಟೆ. ಹಿಂದಿನಿಂದ ಅವಳು ಕೂಗಿ, ಮೇಲಿನ ಹಲಗೆಯಿಂದ ಆ ಪ್ಲಾಸ್ಟಿಕ್ ಚೀಲ ಇಳಿಸಿ ಕೈಗಿಟ್ಟಳು. ಎರಡೂ ಉಂಡೆ ಇದ್ದವು, ಚೀಟಿಯೂ ಇತ್ತು.

ಮನೆಗೆ ಬಂದಾಗ ಅತ್ತೆ ಊಟ ಮುಗಿಸಿ ಮಲಗಿದ್ದರು. ಹಳೆಯ ಧಾಬಳಿ ಗೂಟದ ಮೇಲಿತ್ತು. ಅಂಚಿನ ಗಂಟಿನಿಂದ ಒಂದು ಎಳೆ ಕತ್ತರಿಸಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಗ್ಯಾಸು ಹಚ್ಚಿದೆ. ಕಪ್ಪು ಮಣಿ ಕಟ್ಟಿತು. ಇನ್ನೊಂದು ಎಳೆ. ಇನ್ನೊಂದು ಮಣಿ. ಇನ್ನೊಂದು ಕಡೆಯಿಂದ ಕತ್ತರಿಸಿದೆ. ಅಷ್ಟರಲ್ಲಿ ಶಾಲೆಯಿಂದ ಬಂದ ದೊಡ್ಡವಳು ಮೂಗು ಹಿಡಿದುಕೊಂಡು, "ಅಜ್ಜಿ, ಕುಛ್ ಜಲ್ ರಹಾ ಹೈ ಕ್ಯಾ?" ಎಂದಳು. ಹಾಲು ಉಕ್ಕಿತು ಎಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ದೊಡ್ಡವಳೇ, ನೀನು ಅದನ್ನು ನೋಡಿ ಒಳಗೆ ಹೋದೆ. ನಿನಗೆ ನೆನಪಿದೆಯೋ ಇಲ್ಲವೋ.

ಪಾರ್ಲೆಯ ಆ ಮುದುಕ ಗೊತ್ತಿದ್ದೇ ಸುಳ್ಳು ಹೇಳಿದನೋ, ಅವನಿಗೆ ಮಾರಿದವರು ಅವನಿಗೇ ಹಾಗೆ ಹೇಳಿದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಹೀಗೆ ಅನಿಸುತ್ತದೆ, ಒಂದು ದಿನ ಹಾಗೆ. ಆಗ ನನ್ನ ತಲೆಯಲ್ಲಿದ್ದದ್ದು ಬೇರೆ. ಎಂಟು ವರ್ಷ ಅತ್ತೆ ಮಡಿಯೆಂದುಕೊಂಡು ಉಂಡ ಒಂದೊಂದು ತುತ್ತೂ ಅವರ ಲೆಕ್ಕದಲ್ಲಿ ಮೈಲಿಗೆಯದು. ನಿನ್ನ ಮೇಲೆ ಬಿಟ್ಟೇನಿ ಎಂದಿದ್ದರು. ಹೇಳಿದರೆ ಆ ಜೀವ ಏನಾಗಬಹುದು? ಹೇಳದಿದ್ದರೆ ನಾಳೆಯ ತುತ್ತು?

ಹೇಳಲಿಲ್ಲ. ಹಳೆಯದನ್ನು ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಅಡಗಿಸಿದೆ. ಎರಡು ದಿನ ಮನೆಗೆಲಸ ಬಿಟ್ಟು ಹೊಸದರ ತೂತುಗಳನ್ನು ಮುಚ್ಚಿದೆ. ಹರಿದ ಕುಣಿಕೆಗಳನ್ನು ಕಡ್ಡಿಯ ಮೇಲೆ ಎತ್ತಿಕೊಂಡು, ಆ ಎರಡು ಉಂಡೆಯ ನೂಲಿನಿಂದ ಒಂದೊಂದೇ ಸಾಲು ಕೂಡಿಸಿದೆ. ಬಿಳಿಗೆ ಬಿಳಿ ಸರಿಯಾಗಿ ಕೂತಿತು. ಆ ಎರಡು ದಿನ ಅತ್ತೆಗೆ ಬಿಸಿಲಲ್ಲಿ ಒಣಗಿದ ಹತ್ತಿ ಸೀರೆ ಕೊಟ್ಟು ಹೇಗೋ ದಾಟಿಸಿದೆ. ಮೂರನೆಯ ದಿನ ಚಳಿಯಾಯಿತು ಎಂದು ಧಾಬಳಿ ಕೇಳಿದರು. ತೂತು ತುಂಬಿಸಿದ ಹೊಸದನ್ನು ಕೊಟ್ಟೆ.

ಅವರು ಕೈಯಾಡಿಸಿ ನೋಡಿದರು. ಅವರ ಕಣ್ಣು ಮಂದ, ಬೆರಳು ಮಂದವಲ್ಲ.

"ಇದು ತೂತ ಮುಚ್ಚಿದ್ದು. ಹರಕ ಬಟ್ಟಿ ಮಡಿಗೆ ಬರೂದಿಲ್ಲ. ಹಳೇದ ಎಲ್ಲಿ ಅದ?"

"ಒಗೀಲಿಕ್ಕೆ ಹಾಕೇನಿ ಅತ್ಯಾ."

"ಧಾಬಳಿ ಯಾರ ಒಗೀತಾರ?"

ಒಗೆಯಬೇಕಾಗಿಲ್ಲ ಎಂದೇ ಅಲ್ಲವೇ ಧಾಬಳಿ! ಸುಳ್ಳು ಹೇಳಿ ರೂಢಿ ಇಲ್ಲದವಳು ಸಿಕ್ಕಿಬಿದ್ದೆ. ಅವರು ನನ್ನ ಕಡೆ ಮುಖ ಎತ್ತಿದರು.

"ಖರೇ ಹೇಳು. ನಿನ್ನ ಸೊಸಿಗೆ ಕೊಟ್ಟೀಯೇನು?"

"ಇಲ್ಲ."

"ಮತ್ತ ಮಾರಿದೀಯೇನು? ಅದು ಬರೂತನಕಾ ನಾ ಉಣ್ಣೂದಿಲ್ಲ."

ಹೇಳಿದ ಮೇಲೆ ಹೇಳಿದ್ದೇ. ಎಲೆ ಹಾಕಿತ್ತು, ಅನ್ನ ಆರಿತು. ಹನ್ನೆರಡಾಯಿತು, ಒಂದಾಯಿತು. ಅವರು ದೇವರ ಮುಂದೆ ಕಣ್ಣು ಮುಚ್ಚಿ ಕೂತೇ ಇದ್ದರು. ಬೆಳಗಿನಿಂದ ಹೊಟ್ಟೆಯಲ್ಲಿ ಏನಿಲ್ಲ. ಕಪಾಟಿಗೆ ಹೋಗಿ ಸೀರೆಗಳ ಕೆಳಗಿಂದ ಹಳೆಯದನ್ನು ಎಳೆದೆ. ಕೊಟ್ಟುಬಿಟ್ಟರೆ ಐದು ನಿಮಿಷದಲ್ಲಿ ಉಣ್ಣುತ್ತಾರೆ, ನಗುತ್ತಾರೆ, ಬೆಣ್ಣೆ ಎನ್ನುತ್ತಾರೆ. ಗೊತ್ತಿಲ್ಲದೆ ಕೊಟ್ಟದ್ದು ಒಂದು. ಗೊತ್ತಿದ್ದು ಕೊಡುವುದು? ಕಪಾಟಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ಒಂದು ಕೈಯಲ್ಲಿ ಧಾಬಳಿ, ಇನ್ನೊಂದರಲ್ಲಿ ಬೆಂಕಿಪೆಟ್ಟಿಗೆ ಹಿಡಿದು ಅವರ ಮುಂದೆ ಸ್ವಲ್ಪ ದೂರದಲ್ಲಿ ಕೂತೆ.

"ಅತ್ಯಾ, ಇದು ಕುರೀದಲ್ಲ."

ಎಲ್ಲ ಹೇಳಿದೆ. ದಾದರದವಳು ತೋರಿಸಿದ್ದು, ಹುಳದ ಮಾತು, ಪಾರ್ಲೆಯ ಮುದುಕ. ನನ್ನ ಜನ್ಮದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ. ಅವರು ನಂಬಲಿಲ್ಲ. "ಸುಟ್ಟು ತೋರಸು," ಎಂದರು. ಸುಟ್ಟೆ. ಮಣಿಯನ್ನು ಅವರ ಅಂಗೈಯಲ್ಲಿ ಹಾಕಿದೆ. ಹೆಬ್ಬೆರಳಿಂದ ಒತ್ತಿದರು, ಒತ್ತುತ್ತಲೇ ಇದ್ದರು. ಅದು ಪುಡಿಯಾಗಲಿಲ್ಲ.

"ಎಂಟ ವರ್ಷ," ಎಂದರು.

ಆಮೇಲೆ, "ಅಂವಾ ನಮ್ಮ ಕಡಿಯಾಂವನ ಇದ್ದನಲ್ಲ?"

"ಹೌದ್ರಿ."

"ನಂಗೂ ಅಷ್ಟ ಸಾಕಾಗಿತ್ತು, ಬಿಡು," ಎಂದರು. ನನಗೆ ಅವರು ಕೊಟ್ಟ ಕ್ಷಮೆ ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಕೇಳಲೂ ಇಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಸಂಶಯ ಈಗ ಅವರಿಗೆ ಹತ್ತಿತ್ತು. "ಆ ಹೊಸಾದೂ ಸುಡು." ತುಂಬಿಸಿದ ಧಾಬಳಿಯ ಎಳೆ ಸುಟ್ಟೆ. ಮೂಗಿನ ಹತ್ತಿರ ಹಿಡಿದು ಮೂಸಿದರು. "ಕುರಿ ಖರೇ." ಪೂಜೆಗೆ ಕೂರುವ ಆಸನದ ಅಂಚು ಸುಡು ಎಂದರು. ಮಣಿ. ಅದು ಕಿಟಕಿಯಾಚೆ ಹೋಯಿತು. ದೇವರ ಪೆಟ್ಟಿಗೆಗೆ ಹೊದಿಸುವ ಹಸಿರು ರೇಷ್ಮೆ ತುಂಡು. ಅದೂ ಮಣಿ. "ಹೋಗ್ಲಿ, ದೇವರಿಗೂ ಟೋಪಿ," ಎಂದು ಅವರು ಫಕ್ಕನೆ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಹಸಿದ ಹೊಟ್ಟೆಯಲ್ಲಿ, ಇಬ್ಬರು ವಿಧವೆಯರು ಹೊಗೆ ತುಂಬಿದ ಕೋಣೆಯಲ್ಲಿ ಕೂತು, ಮನೆಯಲ್ಲಿದ್ದದ್ದನ್ನೆಲ್ಲ ಸುಟ್ಟು ನೋಡುತ್ತಿದ್ದೆವು.

ಕೊನೆಗೆ ಅವರು ತಮ್ಮ ಟ್ರಂಕಿನ ತಳದಿಂದ ಒಂದು ಸೀರೆ ತೆಗೆದರು. ಕಂದು ಬಣ್ಣದ್ದು, ಸಣ್ಣ ಅಂಚು. ನಿಮ್ಮ ಅಜ್ಜ ನೌಕರಿಯಿಂದ ನಿವೃತ್ತರಾದ ದಿನ ತಾಯಿಗೆ ತಂದ ಮಡಿಯ ರೇಷ್ಮೆ ಸೀರೆ. ದಾದರಿನ ದೊಡ್ಡ ಅಂಗಡಿಯಿಂದ ತಂದೆ ಎಂದಿದ್ದರು. ಆದರೆ ಆ ದಿನ ಅವರ ಕೈಯಲ್ಲಿ ದೊಡ್ಡ ಅಂಗಡಿಯ ಚೀಲ ಇರಲಿಲ್ಲ, ಪೇಪರಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದಾಗ 'ಖರೇ ರೇಷ್ಮೆ ಅಲ್ಲೇನ್ರಿ?' ಎಂದು ನನ್ನ ಬಾಯಿಗೆ ಬಂದಿತ್ತು, ನುಂಗಿದ್ದೆ. ಹಬ್ಬ ಹುಣ್ಣಿಮೆಗೆಲ್ಲ ಅತ್ತೆ ಅದನ್ನು ಉಟ್ಟು ನೈವೇದ್ಯ ಮಾಡುತ್ತಿದ್ದರು.

ಅತ್ತೆ ಸೆರಗಿನ ತುದಿಯ ಒಂದು ಎಳೆ ಹುಡುಕಿ ನನ್ನ ಕಡೆ ಚಾಚಿದರು. ನಾನು ಕಡ್ಡಿ ಗೀರಿದೆ. ಅವರು ಉರಿಯನ್ನು ನೋಡಿದರು. ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನು ಕಂಡರೋ, ಸೀರೆಯನ್ನು ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ, ಆರಸು."

ಕಡ್ಡಿ ಬೆರಳಿನ ತನಕ ಬಂದಿತ್ತು. ಊದಿದೆ.

"ಇದನ್ನ ಅಂವಾ ತಂದಾನ," ಎಂದು ಅವರು ಸೀರೆ ಮಡಚಿ ಟ್ರಂಕಿನಲ್ಲಿಟ್ಟರು. ಮತ್ತೆ ಸ್ನಾನ ಮಾಡಿದರು, ತುಂಬಿಸಿದ ಧಾಬಳಿ ಸುತ್ತಿಕೊಂಡರು, ಕುತ್ತಿಗೆ ಕೆರೆದುಕೊಳ್ಳುತ್ತಲೇ ಮೂರು ಗಂಟೆಗೆ ಉಂಡರು. ಹರಕು ಬಟ್ಟೆಯ ಮಾತನ್ನು ಆಮೇಲೆ ಎತ್ತಲಿಲ್ಲ. ಅಕ್ಷಯವಾಗಿ ಉಳಿಯಲಿ ಎಂದು ನಾನು ಪ್ರತಿ ತಿಂಗಳು ಡಾಂಬರ್ ಗುಳಿಗೆ ಬದಲಿಸಿದೆ. ಅವರು ಹೋಗುವವರೆಗೂ ಅದು ಬಾಳಿತು, ಅವರ ಜೊತೆಗೇ ಹೋಯಿತು.

ದಾದರದವಳಿಗೆ ತಪ್ಪಾಯಿತು ಎಂದು ಹೇಳಲು ನನ್ನಿಂದ ಆಗಲಿಲ್ಲ. ಮುಂದಿನ ಗುರುವಾರ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಚಹಾ ಬಂತು. ಕೆನೆ ಕಟ್ಟುವ ಮೊದಲೇ ಕುಡಿದೆ. ಸಕ್ಕರೆ ಬಹಳ ಹಾಕಿಸುತ್ತಾಳೆ. ಅವಳು ಖಾಲಿ ಲೋಟ ನೋಡಿದಳು, "ಪೊಲೀಸ್‌ನವರು ಚಹಾ ಕುಡಿದರು ನೋಡ್ರೇ," ಎಂದಳು. ಇವತ್ತಿಗೂ ನಾನು ಅವಳ ನೂಲನ್ನು ಎಳೆದೇ ನೋಡುತ್ತೇನೆ. ಅವಳೂ ಕತ್ತರಿ ಕೈಗೆ ಕೊಟ್ಟು, ಸುಟ್ಟೂ ನೋಡಿ ಎನ್ನುತ್ತಾಳೆ.

ಹಳೆಯ ಬಿಳಿಯದು ನಿಮಗೆ ಗೊತ್ತು. ಪವಾಯಿಯ ಹಾಸ್ಟೆಲಿನಲ್ಲಿ ದೊಡ್ಡವಳು ಏಸಿಯ ಕೆಳಗೆ ಹೊದ್ದು ಮಲಗುವುದು ಅದನ್ನೇ. ಅದಕ್ಕೆ ಏನೂ ಆಗುವುದಿಲ್ಲ. ಕಂದು ಸೀರೆ ನನ್ನ ಕಪಾಟಿನಲ್ಲಿದೆ. ನನ್ನ ನಂತರ ಅದು ಚಿಕ್ಕವಳಿಗೆ. ಮುತ್ತಜ್ಜಿಯ ರೇಷ್ಮೆ ಸೀರೆ ಎಂದು ಇಟ್ಟುಕೋ. ಬೆಂಕಿಪೆಟ್ಟಿಗೆಯನ್ನು ಅದರ ಹತ್ತಿರ ತರಬೇಡ. ಪ್ರತಿ ವರ್ಷ ಮಳೆ ನಿಂತ ಮೇಲೆ ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಡಾಂಬರ್ ಗುಳಿಗೆಯನ್ನು ಬೇಕೆಂದೇ ಹಾಕಿಲ್ಲ. ಇನ್ನೂ ಒಂದು ತೂತೂ ಬಿದ್ದಿಲ್ಲ.